ಬೇಸಿಗೆಯಲ್ಲಿ ಗಿಡ್ಡವಾದ ಓತಿಗಳು

ಓತಿಯನ್ನು ಹಿಡಿಯುವುದು ಸುಲಭ, ಅಳೆಯುವುದು ಕಷ್ಟ. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಉಲ್ಟಾ ತಿಳಿದುಕೊಂಡು ಬರುತ್ತಾರೆ. ಕುಣಿಕೆ ಕಟ್ಟುವುದು ಹೇಗೆ, ಬಂಡೆಯ ಮೇಲೆ ಹೊಟ್ಟೆ ಹಚ್ಚಿ ತೆವಳುವುದು ಹೇಗೆ ಎಂದೆಲ್ಲ ಕೇಳುತ್ತಾರೆ. ಅಳತೆಪಟ್ಟಿಯ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಮೊನ್ನೆ ಹಾಗೆ ಇಬ್ಬರು ಬೈಲಹೊಂಗಲದ ನಮ್ಮ ಮನೆಗೆ ಬಂದು, ಚಹಾ ಕುಡಿದು, "ಮೇಡಮ್, ನಿಮ್ಮ ಅನುಭವ ಬರದು ಕೊಡ್ರಿ" ಅಂದರು. ಬಡ್ತಿಯ ವಿಷಯ ಬರೆಯುವುದಿಲ್ಲ, ಬರೆಯುವಷ್ಟು ಸಿಗಲೂ ಇಲ್ಲ. ಅಳತೆಯ ವಿಷಯ ಬರೆಯುತ್ತೇನೆ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಓತಿಗಳ ಬೆಳವಣಿಗೆಯನ್ನು ಅಧ್ಯಯನ ಮಾಡುವ ಒಂದು ಯೋಜನೆಗೆ ಕ್ಷೇತ್ರ ಸಹಾಯಕಿಯಾಗಿ ಸೇರಿದೆ. ನಮ್ಮ ಪ್ರಾಣಿ ಬಂಡೆಗಳ ಮೇಲೆ ಬದುಕುವ ಓತಿ. ಮಳೆಗಾಲ ಹತ್ತಿರ ಬಂದಾಗ ಗಂಡಿನ ಬೆನ್ನು ಕೆಂಪಗೆ, ಪಕ್ಕೆ ಕಪ್ಪಗೆ ಆಗುತ್ತದೆ. ಉಳಿದ ದಿನ ಕಲ್ಲಿನ ಬಣ್ಣವೇ ಅದರ ಬಣ್ಣ. ರಾಮದುರ್ಗದ ಆಚೆ ತೊರಗಲ್ ಗುಡ್ಡ, ಸವದತ್ತಿ ಮತ್ತು ಮನೋಳಿಯ ನಡುವಿನ ಕಲ್ಲುಬಯಲು, ಪಶ್ಚಿಮಕ್ಕೆ ಕಿತ್ತೂರಿನ ಕಡೆಯ ಒಂದು ದಿಬ್ಬ, ಈ ಮೂರು ಕಡೆ ನಮ್ಮ ಓಡಾಟ. ಕಿತ್ತೂರಿನಲ್ಲಿ ಮಳೆ ಜಾಸ್ತಿ, ರಾಮದುರ್ಗದಲ್ಲಿ ಕಡಿಮೆ. ಮಳೆ ಕಡಿಮೆ ಇರುವಲ್ಲಿ ಓತಿ ಹೇಗೆ ಬೆಳೆಯುತ್ತದೆ, ಎಷ್ಟು ದಿನ ಬದುಕುತ್ತದೆ ಎಂಬುದೇ ನಮ್ಮ ಪ್ರಶ್ನೆ. ಊರಿನವರ ಪ್ರಶ್ನೆ ಬೇರೆ ಇತ್ತು: "ಓತಿಕ್ಯಾತದ ಎಣ್ಣಿ ತಗೀತೀರೇನ್ರಿ?"

ಕಾಡಿನ ಓತಿಯ ವಯಸ್ಸನ್ನು ಯಾರೂ ಬರೆದಿಟ್ಟಿರುವುದಿಲ್ಲ. ಹಾಗೆ ನೋಡಿದರೆ ನಮ್ಮ ಕಡೆ ಮನುಷ್ಯರದ್ದೂ ಅಷ್ಟೇ. ನಾನು, ನಮ್ಮ ಅಣ್ಣ, ಅಣ್ಣನ ಹೆಂಡತಿ ಮೂವರೂ ಜೂನ್ ಒಂದರಂದು ಹುಟ್ಟಿದವರು; ಶಾಲೆಗೆ ಹಚ್ಚಲು ಕರೆದುಕೊಂಡು ಹೋದ ದಿನ ಮಾಸ್ತರರು ಹಾಗೆ ತೀರ್ಮಾನಿಸಿದರು. ಓತಿಗೆ ಮಾಸ್ತರರಿಲ್ಲ. ಮೊದಮೊದಲು ಅದರ ಬೆರಳ ತುದಿ ಕತ್ತರಿಸಿ ಗುರುತು ಮಾಡುತ್ತಿದ್ದೆವು, ಆ ತುದಿಯ ಎಲುಬನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಉಂಗುರ ಎಣಿಸುತ್ತಿದ್ದೆವು. ಬೆಳವಣಿಗೆ ನಿಂತಾಗ ಎಲುಬಿನಲ್ಲಿ ಒಂದು ಗೆರೆ ಬೀಳುತ್ತದೆ. ಆದರೆ ನಮ್ಮ ಕಡೆ ಮಳೆ ನಡುವೆಯೂ ಕೈ ಕೊಡುವುದರಿಂದ ಒಂದೇ ವರ್ಷದಲ್ಲಿ ಎರಡು ಗೆರೆ ಬಿದ್ದ ಓತಿಗಳೂ ಇದ್ದವು. ಆಮೇಲೆ ಬೆರಳು ಬಿಟ್ಟು ಬಾಲದ ಬುಡಕ್ಕೆ ಬಣ್ಣದ ಸಣ್ಣ ಮಣಿಗಳನ್ನು ಹಾಕತೊಡಗಿದೆವು. ಕೆಂಪು, ನೀಲಿ, ಬಿಳಿ ಎಂದರೆ ಒಂದು ಓತಿ. ಕೆಂಪು, ಬಿಳಿ, ನೀಲಿ ಎಂದರೆ ಇನ್ನೊಂದು. ಮರಿ ಇದ್ದಾಗ ಹಿಡಿದು, ಮಣಿ ಹಾಕಿ, ಬಿಟ್ಟು, ಮತ್ತೆ ಮತ್ತೆ ಹಿಡಿದು ಉದ್ದ ಅಳೆಯುವುದೇ ನಂಬಬಹುದಾದ ದಾರಿ ಎಂದಾಯಿತು. ಬಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಮುರಿದಿರಬಹುದು. ಮೂತಿಯ ತುದಿಯಿಂದ ಬಾಲದ ಬುಡದವರೆಗೆ, ಅಷ್ಟೇ.

ನಮ್ಮ ಮೇಲಿನವರು ಕುಲಕರ್ಣಿ ಸರ್. ಅವರ ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು. ಬಿಸಿಲಿಗೆ ಹೆದರುತ್ತಿರಲಿಲ್ಲ, ಬುತ್ತಿಯನ್ನು ಮಾತ್ರ ತಮ್ಮ ಕೈಯಾರೆ ಹೊತ್ತುಕೊಂಡು ಬರುತ್ತಿದ್ದರು. ಸಣ್ಣ ಉತ್ತರ ಅವರಿಗೆ ಹಿಡಿಸುತ್ತಿರಲಿಲ್ಲ. ಓತಿ ಏನಾದರೂ ಯಾರೂ ಕಾಣದ್ದನ್ನು ಮಾಡಬೇಕು, ಅದನ್ನು ತಾವೇ ಕಾಣಬೇಕು ಎಂಬ ಆಸೆ. ಅದು ತಪ್ಪಲ್ಲ. ಆ ಆಸೆ ಇಲ್ಲದವರು ಉರಿಬಿಸಿಲಲ್ಲಿ ಗುಡ್ಡ ಹತ್ತುವುದಿಲ್ಲ.

ಅವರ ಅಪ್ಪಣೆಯ ಮೇರೆಗೆ ಮನೋಳಿಯ ಕಲ್ಲುಬಯಲಿನಲ್ಲಿ ನಾನು ಬಂಡೆಗಳಿಗೆ ಬಿಳಿ ಬಣ್ಣದಲ್ಲಿ ಅಂಕಿ ಬರೆಯುತ್ತ ಹೊರಟಿದ್ದೆ. ಯಾವ ಓತಿ ಯಾವ ಬಂಡೆಯ ಮೇಲೆ ಸಿಕ್ಕಿತು ಎಂದು ತಿಳಿಯಬೇಕಲ್ಲ. ಒಂದು ಮುಂಜಾನೆ ಕಟ್ಟಿಗೆ ಆರಿಸುತ್ತಿದ್ದ ಮುದುಕಿಯೊಬ್ಬಳು ಹೊರೆ ಇಳಿಸಿ, ಬಣ್ಣದ ಡಬ್ಬಿಯನ್ನೂ ಬಂಡೆಯನ್ನೂ ನೋಡುತ್ತ ನಿಂತಳು.

"ಯವ್ವಾ, ಇಲ್ಲೀ ಮಟಾ ಬರತೈತೇನ ನೀರು?" ಎಂದು ಕೇಳಿದಳು.

"ಯಾವ ನೀರಬೇ?"

"ಆಗೂ ಹಿಂಗ ಬಿಳೀ ಬಣ್ಣ ಹಚ್ಚಿ ಹ್ವಾದ್ರು. ನಮ್ಮ ಮನಿ ಗ್ವಾಡಿಗೆ ನಂಬರ ಬರದ್ರು. ಆಮ್ಯಾಲ ನೀರು ಬಂತು."

ಆಕೆಯ ಹಳೆಯ ಊರು ಅಣೆಕಟ್ಟಿನ ನೀರಿನ ಕೆಳಗಿತ್ತು. ಇದು ನೀರಿಗಲ್ಲ, ಓತಿಗೆ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಆಕೆಗೆ ನಂಬಿಕೆ ಬರಲಿಲ್ಲ. "ಓತಿಕ್ಯಾತಕ್ಕ ಯಾರರ ನಂಬರ ಕೊಡ್ತಾರೇನ?" ಎಂದು ಹೊರೆ ಹೊತ್ತು ಹೋದಳು. ಮುಂದಿನ ವಾರ ಹೋದಾಗ ಒಂದು ಅಂಕಿಯೂ ಉಳಿದಿರಲಿಲ್ಲ, ಎಲ್ಲವನ್ನೂ ಕಲ್ಲಿನಿಂದ ಉಜ್ಜಿ ಅಳಿಸಿದ್ದರು. ಒಬ್ಬ ಮುದುಕಿಯ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಕುಲಕರ್ಣಿ ಸರ್ ಕೆಂಡಾಮಂಡಲವಾದರು. ನಾನು ಮುದುಕಿಯ ಮಾತು ಹೇಳಿದೆ. ಬಣ್ಣದ ಡಬ್ಬಿಯ ಮುಚ್ಚಳ ಹಾಕಿ, "ನಾಳಿಯಿಂದ ಹಾಳಿ ಮ್ಯಾಲ ನಕ್ಷಾ ಬರಕೋರಿ. ಕಲ್ಲಿಗೆ ಕೈ ಹಚ್ಚಬ್ಯಾಡ್ರಿ" ಅಂದರು. ಅಂದಿನಿಂದ ನಾವು ಬಣ್ಣ ಮುಟ್ಟಲಿಲ್ಲ. ನೀವೂ ಮುಟ್ಟಬೇಡಿ.

ಇನ್ನೊಮ್ಮೆ ತೊರಗಲ್ಲಿನಲ್ಲಿ ನಮ್ಮ ಸ್ಪ್ರಿಂಗ್ ತಕ್ಕಡಿ ಕೆಟ್ಟಿತು. ಹಿಡಿದ ಗಂಡು ಓತಿಯನ್ನು ತೂಗದೆ ಬಿಡಲು ಮನಸ್ಸಾಗಲಿಲ್ಲ. ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ರಾಮದುರ್ಗದ ಬಸ್ಸು ಹತ್ತಿದೆ. ಚೀಲ ಅಲ್ಲಾಡಿದ್ದನ್ನು ಕಂಡು ಕಂಡಕ್ಟರ್, "ಅಕ್ಕಾರ, ಒಳಗೇನೈತ್ರಿ?" ಎಂದ. ನಾನು ನಿಜ ಹೇಳಿದೆ. ಅಕ್ಕಪಕ್ಕದ ಸೀಟುಗಳೆಲ್ಲ ಖಾಲಿಯಾದವು, ಊರು ಬರುವವರೆಗೆ ಆರಾಮವಾಗಿ ಕುಳಿತು ಬಂದೆ. ಪೇಟೆಯಲ್ಲಿ ಪರಿಚಯದ ಪತ್ತಾರರೊಬ್ಬರ ಅಂಗಡಿಗೆ ಹೋದೆ. ಅವರು ಮೊದಲು ಬಾಗಿಲು ಮುಚ್ಚಿದರು. ಆಮೇಲೆ ಬಂಗಾರದ ತಕ್ಕಡಿಯ ತಟ್ಟೆಗೆ ಚೀಲವಿಟ್ಟು, ಖಾಲಿ ಚೀಲದ ತೂಕ ಕಳೆದು, "ಎರಡು ತೊಲಿಗೆ ಸ್ವಲ್ಪ ಕಡಿಮಿ ಐತ್ರಿ" ಎಂದರು. ಕೈಮುಗಿದು, "ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ಓತಿಕ್ಯಾತ ತೂಗಿದ ತಕ್ಕಡಿ ಅಂತ ಗೊತ್ತಾದ್ರ ತಾಳಿ ಮಾಡಸಾಕ ಯಾರೂ ಬರೂದಿಲ್ಲ" ಎಂದರು. ಅವರ ಹೆಸರನ್ನು ಈಗಲೂ ಹೇಳುವುದಿಲ್ಲ.

ಇಂಥವು ಬಹಳ ಇವೆ. ಆದರೆ ಇವನ್ನೆಲ್ಲ ಮರೆತರೂ ನಡೆದೀತು. ಗೌರಿಯ ವಿಷಯವನ್ನು ಮಾತ್ರ ಮರೆಯಬಾರದು.

ಗೌರಿ ನಮ್ಮ ಯೋಜನೆಯಲ್ಲಿ ಡಾಕ್ಟರೇಟು ಮಾಡಲು ಬಂದವಳು. ತವರು ಬೈಲಹೊಂಗಲ, ಗಂಡನ ಮನೆ ಮುರಗೋಡ. ಹೊಲ ಮತ್ತು ಕಾಳಿನ ವ್ಯಾಪಾರ ಇದ್ದ ದೊಡ್ಡ ಮನೆತನ. ಗಂಡ ಮಾತು ಕಡಿಮೆಯ ಮನುಷ್ಯ, ಮನೆಯಲ್ಲಿ ನಡೆಯುವುದು ಅತ್ತೆ ನೀಲವ್ವನವರ ಮಾತು. ಪ್ರಬಂಧ ಮುಗಿಯುವವರೆಗೆ ಗುಡ್ಡ ಸುತ್ತಲಿ, ಆಮೇಲೆ ಊರ ಹತ್ತಿರದ ಕಾಲೇಜಿನಲ್ಲಿ ಕಲಿಸುವ ಕೆಲಸ ಸಿಕ್ಕರೆ ಮಾಡಲಿ, ಇಲ್ಲದಿದ್ದರೆ ಮನೆಯಲ್ಲಿರಲಿ ಎಂದು ಮದುವೆಯಲ್ಲೇ ಮಾತಾಗಿತ್ತು. ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಜಾಗ ಖಾಲಿಯಾಗುವುದಿತ್ತು. ಅದಕ್ಕೆ ಡಾಕ್ಟರೇಟು ಬೇಕಿತ್ತು. ಗೌರಿಗೆ ಪ್ರಬಂಧವೆಂದರೆ ಹೊಸಿಲು ದಾಟಲು ಇದ್ದ ಒಂದೇ ದಾರಿ.

ಕೆಲಸದಲ್ಲಿ ನಮಗೊಂದು ಹೊಂದಾಣಿಕೆ ಇತ್ತು. ನಾನು ಕುಣಿಕೆ ಹಾಕಿ ಹಿಡಿಯುವುದು, ಅವಳು ಅಳೆಯುವುದು, ನಾನು ಬರೆದುಕೊಳ್ಳುವುದು. ಎರಡು ವರ್ಷ ಹೀಗೇ ನಡೆಯಿತು. ಮೂರನೇ ವರ್ಷದ ಮಾಗಿಯಲ್ಲಿ ಗೌರಿ ಬಸುರಿಯಾಗಿದ್ದಳು. ಸೀಮಂತದ ಕುಬಸ ಆದ ಮರುವಾರ ಗುಡ್ಡಕ್ಕೆ ಬಂದವಳು ಕೈ ಹಿಂದೆ ಕಟ್ಟಿಕೊಂಡು ನಿಂತಳು.

"ಅಕ್ಕಾರ, ಇವತ್ತಿಂದ ನೀವ ಅಳೀರಿ, ನಾ ಬರಕೋತೇನಿ. ಬಸುರಿ ಹೆಣ್ಮಗಳು ಓತಿ ಮುಟ್ಟಿದ್ರ ಕೂಸಿನ ಮೈ ಖರಖರ ಆಗತೈತಿ ಅಂತಾರ ನಮ್ಮತ್ತಿ."

"ನೀ ನಂಬತೀಯೇನ?"

"ನಂಬೂದಲ್ರಿ. ಹಿರ್ಯಾರು ಒಂದು ಮಾತು ಹೇಳ್ಯಾರ. ಗುಡ್ಡಕ್ಕ ಹೋಗಬ್ಯಾಡ ಅಂದಿಲ್ಲಲ್ಲ, ಅದಽ ದೊಡ್ಡದು."

ನನಗೂ ಅದು ಸರಿ ಎನಿಸಿತು. ಕೈ ಬದಲಾದವು. ಅಭ್ಯಾಸಬಲದಿಂದ ಒಮ್ಮೊಮ್ಮೆ ಅವಳೇ ಅಳೆದು ನಾಲಿಗೆ ಕಚ್ಚಿಕೊಂಡದ್ದೂ ಉಂಟು. ಯಾರು ಅಳೆದರು ಎಂದು ಬರೆದಿಡುವ ರೂಢಿ ಆಗ ಎಲ್ಲೂ ಇರಲಿಲ್ಲ. ಅಳತೆಪಟ್ಟಿ ಒಂದೇ, ಓತಿ ಒಂದೇ, ಹಿಡಿದವರು ಯಾರಾದರೇನು ಎಂದು ನಮ್ಮೆಲ್ಲರ ತಿಳಿವಳಿಕೆ.

ಆ ಬೇಸಿಗೆಯಲ್ಲಿ ಓತಿಗಳು ಗಿಡ್ಡವಾದವು. ಮಳೆಗಾಲದ ಕೊನೆಯಲ್ಲಿ ಅಳೆದಿದ್ದ ದೊಡ್ಡ ಓತಿಗಳೇ ಬಿಸಿಲಿನಲ್ಲಿ ಮತ್ತೆ ಸಿಕ್ಕಾಗ ಮೊದಲಿಗಿಂತ ಒಂದು ಎಳ್ಳುಕಾಳಿನ ಉದ್ದದಷ್ಟು ಕಡಿಮೆಯಾಗಿದ್ದವು. ಒಂದೆರಡಲ್ಲ, ಹೆಚ್ಚುಕಡಿಮೆ ಎಲ್ಲವೂ. ಹಿಂದಿನ ಎರಡು ಬೇಸಿಗೆಯಲ್ಲಿ ಹೀಗಾಗಿರಲಿಲ್ಲ; ಈ ಸಲದ ಬಿಸಿಲು ಹೆಚ್ಚು ಎಂದುಕೊಂಡೆವು. ಗೌರಿ ತವರಿಗೆ ಹೋಗಿ ಹೆಣ್ಣು ಕೂಸನ್ನು ಹೆತ್ತು, ಬಾಣಂತನ ಮುಗಿಸಿ, ಮಳೆಗಾಲ ಮುಗಿಯುವಾಗ ಮತ್ತೆ ಬಂದು ತಾನೇ ಅಳೆಯತೊಡಗಿದಳು. ಓತಿಗಳು ಮತ್ತೆ ಉದ್ದವಾದವು. ಕುಲಕರ್ಣಿ ಸರ್ ಅವರ ಸಂತೋಷಕ್ಕೆ ಮಿತಿಯೇ ಇರಲಿಲ್ಲ. ಬರಗಾಲದಲ್ಲಿ ಮೈ ಕುಗ್ಗಿಸಿ ಮಳೆಯಲ್ಲಿ ಹಿಗ್ಗಿಸುವ ಓತಿ! ನೀರಿಲ್ಲದ ನಾಡಿನಲ್ಲಿ ಬದುಕುವ ಗುಟ್ಟು! ಅವರು ಪುಣೆಯ ಒಂದು ಸಭೆಯಲ್ಲಿ ಇದನ್ನು ಹೇಳಿ ಚಪ್ಪಾಳೆ ಹೊಡೆಸಿಕೊಂಡು ಬಂದರು. ಗೌರಿಯ ಪ್ರಬಂಧದ ಹೆಸರನ್ನೇ ಬದಲಿಸಿದರು. ಅವಳು ಬರೆಯಲು ಕುಳಿತಳು. ಕಾಲೇಜಿನ ಸಂದರ್ಶನಕ್ಕೆ ಮೊದಲೇ ಮುಗಿಯುತ್ತದೆ ಎಂದು ಲೆಕ್ಕ ಹಾಕಿದ್ದಳು.

ಆಮೇಲಿನ ಮಾಗಿಯಲ್ಲಿ ಒಂದು ದಿನ, ಕೆಲಸ ಬೇಗ ಮುಗಿಯಲಿ ಎಂದು ನಾವಿಬ್ಬರೂ ತೊರಗಲ್ ಗುಡ್ಡದ ಎರಡು ಮಗ್ಗುಲು ಹಂಚಿಕೊಂಡೆವು. ಮಧ್ಯಾಹ್ನ ಒಂದು ಬಂಡೆಯ ನೆರಳಿನಲ್ಲಿ ರೊಟ್ಟಿ ಬುತ್ತಿ ಬಿಚ್ಚಿ, ಬರೆದದ್ದನ್ನು ಹೊಂದಿಸಿ ನೋಡಿದೆವು. ಹಳದಿ, ಕೆಂಪು, ಕೆಂಪು ಮಣಿಯ ಒಂದು ಹೆಣ್ಣು ಓತಿ ಮುಂಜಾನೆ ನನಗೆ ಸಿಕ್ಕಿತ್ತು. ಗುಡ್ಡದ ನೆತ್ತಿ ದಾಟಿ ಆಚೆ ಹೋಗಿ ಸ್ವಲ್ಪ ಹೊತ್ತಿನಲ್ಲೇ ಗೌರಿಗೂ ಸಿಕ್ಕಿತ್ತು. ಅಷ್ಟರಲ್ಲಿ ಅದು ಎಳ್ಳುಕಾಳಿನಷ್ಟು ಬೆಳೆದಿತ್ತು.

ಇಬ್ಬರೂ ನಕ್ಕೆವು. "ಏನು ತಿಂದಿತ್ರಿ ಅಕ್ಕಾರ ಅದು ಅಷ್ಟ್ರಾಗ?" ಎಂದು ಗೌರಿ ಇನ್ನೂ ನಗುತ್ತಿದ್ದಳು. ನಗು ಅಲ್ಲೇ ನಿಂತಿತು. ಅವಳ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಊಟ ಬಿಟ್ಟು ಎದ್ದು ಒಂದು ಓತಿ ಹಿಡಿದೆವು. ನಾನು ಅಳೆದೆ, ಅವಳು ಅಳೆದಳು, ಮತ್ತೆ ನಾನು, ಮತ್ತೆ ಅವಳು. ಇನ್ನೊಂದು ಹಿಡಿದೆವು, ಮತ್ತೊಂದು ಹಿಡಿದೆವು. ಗೌರಿ ಓತಿಯ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ಪಟ್ಟಿಗೆ ಸಪಾಟಾಗಿ ಹಿಡಿಯುತ್ತಿದ್ದಳು. ನಾನು ಪಕ್ಕೆಲುಬಿಗೆ ನೋವಾದೀತು ಎಂದು ಹಗುರವಾಗಿ ಮಲಗಿಸುತ್ತಿದ್ದೆ, ಅದರ ಬೆನ್ನು ಕೊಂಚ ಬಾಗಿಯೇ ಇರುತ್ತಿತ್ತು. ಎರಡೂ ರೀತಿಗಳನ್ನು ಪುಸ್ತಕಗಳು ಒಪ್ಪುತ್ತವೆ. ಆದರೆ ಮಳೆಗಾಲದಲ್ಲಿ ಅವಳ ಹೆಬ್ಬೆರಳು, ಬೇಸಿಗೆಯಲ್ಲಿ ನನ್ನದು. ಓತಿಗಳು ಗಿಡ್ಡವಾಗಿರಲೇ ಇಲ್ಲ.

ಗೌರಿ ಬಂಡೆಯ ಮೇಲೆ ಕುಳಿತು ಬರೆದ ಹಾಳೆಗಳನ್ನು ಹಿಂದಕ್ಕೆ ತಿರುವತೊಡಗಿದಳು. ಆ ಹುಡುಗಿಯ ಇಷ್ಟು ವರ್ಷದ ದುಡಿಮೆ ಆ ಗುಡ್ಡದ ಮೇಲೆ ಕೈಬಿಟ್ಟು ಹೋದದ್ದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಸುಮ್ಮನಿದ್ದುಬಿಡೋಣ ಎಂದು ಹೇಳುವ ಮನಸ್ಸೂ ಬಂತು. ಗುಡ್ಡದಲ್ಲಿ ನಾವಿಬ್ಬರೇ, ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬಂತೆ ಇದಕ್ಕೆ ಸಾಕ್ಷಿ ಹೇಳುವವರು ಬೇರೆ ಯಾರೂ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಸರ್‌ಗ ನಾಳೆ ಹೇಳಬೇಕ್ರಿ ಅಕ್ಕಾರ" ಎಂದಳು.

ಕುಲಕರ್ಣಿ ಸರ್ ಮೊದಲು ನಂಬಲಿಲ್ಲ. ಆಮೇಲೆ, "ಎಲ್ಲಾರ ಅಳತಿಯೊಳಗೂ ಅಷ್ಟು ಹಿಂದ ಮುಂದ ಇರ್ತದ. ನಿಮ್ಮಿಬ್ಬರ ನಡುವಿನ ಫರಕು ಎಷ್ಟು ಅಂತ ತಗದು ಕಳದುಬಿಡ್ರಿ, ಮುಗೀತು" ಎಂದರು.

"ಯಾವ ದಿನ ಯಾರು ಅಳದೇವಿ ಅನ್ನೂದು ಖಾತ್ರಿ ಇಲ್ರಿ ಸರ್. ನಡುನಡುವ ನಾನೂ ಅಳದೇನಿ" ಎಂದಳು ಗೌರಿ.

"ಪುಣೆದಾಗ ನಾ ಹೇಳಿ ಬಂದೀನಿ, ಗೌರಿ."

"ಹೌದ್ರಿ ಸರ್."

"ನಿನ್ನ ಸಂದರ್ಶನ ಅದ ಮುಂದ."

"ಅದೂ ಗೊತ್ತೈತ್ರಿ ಸರ್."

ಸರ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅವರು ಕೂಗಾಡಿದ್ದರೆ ನಮಗೆ ಹಗುರವಾಗುತ್ತಿತ್ತು. ಕೂಗಾಡಲಿಲ್ಲ. ಆ ವಾರವೇ ಪುಣೆಗೆ ಬರೆದು, ತಾವು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡರು. ಸಿಟ್ಟಿನ ಮನುಷ್ಯನ ಬಗ್ಗೆ ನೀವು ನೂರು ಮಾತು ಕೇಳುತ್ತೀರಿ, ಇದನ್ನೂ ಕೇಳಿಸಿಕೊಳ್ಳಿ.

ಇನ್ನು ಉಳಿದದ್ದು ಮುರಗೋಡ. ಮೊದಲಿನಿಂದ ಅಳೆಯಬೇಕೆಂದರೆ ಕಡಿಮೆ ಎಂದರೂ ಇನ್ನೆರಡು ಮಳೆಗಾಲ, ಎರಡು ಬೇಸಿಗೆ. ಮನೆಯಲ್ಲಿ ಹೇಳಲು ಗೌರಿಗೆ ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಹೋದಳು. ನೀಲವ್ವನವರು ಪಡಸಾಲೆಯಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕುಳಿತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು.

"ಹಂಗಾರ ನಾ ಮುಟ್ಟಬ್ಯಾಡ ಅಂದದ್ದಕ್ಕ ಇಷ್ಟೆಲ್ಲಾ ಕೆಟ್ಟತೇನು?" ಎಂದು ಕೇಳಿದರು.

"ಅಲ್ರಿ. ಯಾರು ಅಳದ್ರು ಅಂತ ಬರೀಲಿಲ್ಲ, ಅದಕ್ಕ ಕೆಟ್ಟತ್ರಿ" ಎಂದೆ ನಾನು.

"ಈಗ ಮತ್ತ ಎರಡು ವರ್ಷ ಓತಿಕ್ಯಾತದ ಬಾಲ ಅಳಕೋತ ಹ್ವಾದ್ರ ಈ ಕೂಸು ನೋಡವ್ರು ಯಾರು?"

"ಬಾಲ ಅಳಿಯೂದಿಲ್ರಿ ಅತ್ತಿ, ಬಾಲದ ಬುಡದ ಮಟಾ ಅಷ್ಟಽ" ಎಂದಳು ಗೌರಿ, ತಲೆ ತಗ್ಗಿಸಿಕೊಂಡೇ. ಅವಳು ಚೇಷ್ಟೆ ಮಾಡುತ್ತಿರಲಿಲ್ಲ, ತಪ್ಪನ್ನು ತಿದ್ದುತ್ತಿದ್ದಳು ಅಷ್ಟೇ. ನನಗೆ ನಗು ತಡೆಯುವುದು ಕಷ್ಟವಾಯಿತು. ನೀಲವ್ವನವರ ತುಟಿಯೂ ಸ್ವಲ್ಪ ಅಲುಗಿತು. ಮತ್ತೆ ಮುಖ ಬಿಗಿದುಕೊಂಡು ಕೇಳಿದರು: "ಇದ್ದದ್ದು ಇದ್ದಂಗ ಬರದು ಕೊಟ್ಟಿದ್ರ ಯಾರಿಗರ ಗೊತ್ತಾಗತಿತ್ತೇನು?"

"ಇಲ್ರಿ."

"ಮತ್ತ ಯಾಕ?"

"ನನಗ ಗೊತ್ತೈತಲ್ರಿ ಅತ್ತಿ."

ನೀಲವ್ವನವರು ಕೂಸನ್ನು ನನ್ನ ಕೈಗಿತ್ತು ಒಳಗೆ ಹೋದರು. ಚುರುಮುರಿ, ಚಹಾ ಬಂದವು. ಓತಿಗಳ ಮಾತು ಮತ್ತೆ ಬರಲಿಲ್ಲ. ಜೋಳದ ಧಾರಣೆ, ಮಠದ ಸ್ವಾಮಿಗಳ ಆರೋಗ್ಯ, ಅಂಥದೇ ಮಾತು. ನಾನು ಹೊರಡಲು ಎದ್ದಾಗ ಅವರು ಸೊಸೆಯತ್ತ ನೋಡದೆ, ಒಳಗಿದ್ದ ಮಗನಿಗೆ ಕೇಳುವಂತೆ ಹೇಳಿದರು: "ತೊಟ್ಟಿಲ ನನ್ನ ಖೋಲಿಗೆ ತಂದು ಇಡಪಾ. ಇಕಿ ಮುಂಜಾನೆ ಲಗೂನ ಬಸ್ಸ ಹಿಡೀಬೇಕಾಗತೈತಿ."

ಗೌರಿ ಬಾಗಿಲವರೆಗೆ ನನ್ನನ್ನು ಕಳಿಸಲು ಬಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಣ್ಣುಗಳೂ ಒದ್ದೆಯಾಗಿದ್ದವು ಎಂದು ಹೇಳಲು ನಾಚಿಕೆಯಿಲ್ಲ.

ಕಾಲೇಜಿನ ಜಾಗ ಆ ವರ್ಷ ಬೇರೆಯವರ ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಂದಿನ ಎರಡು ವರ್ಷ ಪ್ರತಿ ಓತಿಯನ್ನೂ ಇಬ್ಬರೂ ಅಳೆದೆವು, ಒಬ್ಬರದ್ದು ಇನ್ನೊಬ್ಬರಿಗೆ ಹೇಳದೆ. ಅಳೆದವರ ಹೆಸರನ್ನು ಅಳತೆಯ ಪಕ್ಕದಲ್ಲೇ ಬರೆದೆವು. ನೀವು ಈಗ ಆ ಕಡೆ ಕೆಲಸಕ್ಕೆ ಹೋದರೆ ಎಲ್ಲರೂ ಹಾಗೆ ಬರೆಯುವುದನ್ನು ನೋಡುತ್ತೀರಿ. ಅದು ಯಾಕೆ ಶುರುವಾಯಿತು ಎಂದು ಕೇಳಿದರೆ ಬಹುಶಃ ಯಾರಿಗೂ ಗೊತ್ತಿರಲಿಕ್ಕಿಲ್ಲ. ಅಳತೆಪಟ್ಟಿ ಹೋಗಿ ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಕ್ಯಾಲಿಪರ್ ಬಂತು, ಆಮೇಲೆ ಅಂಕಿ ತಾನೇ ತೋರಿಸುವ ಯಂತ್ರ ಬಂತು. ಈಗ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಅಳೆಯುತ್ತಾರೆ. ಹೆಬ್ಬೆರಳು ಮಾತ್ರ ಹಳೆಯದೇ.

ಗೌರಿಯ ಮೌಖಿಕ ಪರೀಕ್ಷೆಗೆ ಮೈಸೂರಿನ ಕಡೆಯಿಂದ ಒಬ್ಬ ಹಿರಿಯ ಪರೀಕ್ಷಕರು ಬಂದಿದ್ದರು. ಹಿಂದಿನ ಸಾಲಿನಲ್ಲಿ ನಾನು, ನನ್ನ ಪಕ್ಕದಲ್ಲಿ ನೀಲವ್ವನವರು. ಕುಲಕರ್ಣಿ ಸರ್ ತಮ್ಮ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದರು. ಪರೀಕ್ಷಕರು ಪ್ರಬಂಧದ ಹಾಳೆಗಳನ್ನು ತಿರುವಿ, ಕನ್ನಡಕ ತೆಗೆದು, "ಬೇಸಿಗೇಲಿ ಈ ಓತಿಗಳು ಬೆಳೆಯೋದಿಲ್ಲ. ಇಷ್ಟೇ ತಾನೇ ನೀವು ಕಂಡುಕೊಂಡಿರೋದು? ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನಮ್ಮಾ?" ಎಂದು ಕೇಳಿದರು.

ನೀಲವ್ವನವರು ನನ್ನ ಕೈ ಹಿಡಿದರು.

"ಅದನ್ನ ಹೇಳಾಕ ಎರಡು ವರ್ಷ ಸಾಕಿತ್ರಿ ಸರ್" ಎಂದಳು ಗೌರಿ. "ಅವು ಸಣ್ಣೂ ಆಗೂದಿಲ್ಲ ಅಂತ ಹೇಳಾಕ ಉಳಿದ ವರ್ಷ ಬೇಕಾದ್ವು."

ಪರೀಕ್ಷಕರು ಅವಳ ಮುಖ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು, ಕುಲಕರ್ಣಿ ಸರ್ ಕಡೆ ಕೈ ಚಾಚಿ, ಸಹಿ ಮಾಡಲು ಪೆನ್ನು ಕೇಳಿದರು.